ತಿದ್ದುಪಡಿ

ಸಭೆ ಶಾಲೆಯ ಲೈಬ್ರರಿಯಲ್ಲೇ. ಕುರ್ಚಿಗಳು ಎರಡನೇ ಕ್ಲಾಸಿನವು,
ಏಳು ಜನ ಸದಸ್ಯರ ಮೊಣಕಾಲು ಎದೆಮಟ್ಟಕ್ಕೆ.
ಜನವರಿ. ಸುಪೀರಿಯರ್ ಸರೋವರ ದಾಟಿ ಬಂದ ಹಿಮ
ಕಿಟಕಿಯ ಅರ್ಧಕ್ಕೇರಿ ಒಳಗೆ ಇಣುಕುತ್ತಿದೆ,
ಅದಕ್ಕೂ ಅಜೆಂಡಾದ ಒಂದು ಪ್ರತಿ ಬೇಕೇನೋ ಅನ್ನುವ ಹಾಗೆ.

ನಾನಿಲ್ಲಿ ಗುಮಾಸ್ತೆ. ಹತ್ತೊಂಬತ್ತು ವರ್ಷದಿಂದ ನಡಾವಳಿ ಬರೆಯುತ್ತೇನೆ:
ಯಾರು ಸೂಚಿಸಿದರು, ಯಾರು ಅನುಮೋದಿಸಿದರು,
ಎಷ್ಟು ಕೈ ಮೇಲೆ, ಎಷ್ಟು ಕೈ ಮಡಿಲಲ್ಲಿ.
ಅಳು ಬರೆಯುವುದಿಲ್ಲ. ಬಾಗಿಲು ಬಡಿದದ್ದು ಬರೆಯುವುದಿಲ್ಲ.
ಕಾಗದದ ಗಿರಣಿ ಮುಚ್ಚಿದ ವರ್ಷ ಒಬ್ಬಾತ
ಮಾತೇ ಆಡದೆ ತನ್ನ ಹೆಲ್ಮೆಟ್ಟು ಮೇಜಿನ ಮೇಲಿಟ್ಟು ಹೋದ.
ಸಾರ್ವಜನಿಕ ಅಭಿಪ್ರಾಯ, ಒಂದು, ಎಂದು ಬರೆದೆ.

ಆ ರಾತ್ರಿ ಹಾಕಿ ಮೈದಾನದ ಸ್ಕೋರ್‌ಬೋರ್ಡಿಗೆ ನಲವತ್ತು ನಿಮಿಷ.
ಹಾಲಿನ ಪೊಟ್ಟಣಕ್ಕೆ ಐದು ಸೆಂಟು ಏರಿಕೆ.
ಜಿಮ್ನೇಷಿಯಂ ಸೋರುತ್ತಿದೆ; ಬಕೆಟ್ಟು ಚೆಲ್ಲುವವರು ಯಾರು?
ಆಮೇಲೆ ವಿಷಯ ಏಳು. ಮೂರನೇ ನಂಬರಿನ ಬಸ್ಸು
ಇನ್ನು ಹಳೇ ಡಿಪೋ ರಸ್ತೆ ಹತ್ತುವುದಿಲ್ಲ.
ಅಲ್ಲೀಗ ಉಳಿದಿರುವುದು ಒಂದೇ ಮಗು.
ಡೀಸೆಲ್ಲಿನ ಲೆಕ್ಕ ಪರದೆಯ ಮೇಲಿತ್ತು, ಮೂರು ಬಣ್ಣದಲ್ಲಿ.

ವೆರ್ನಾ ತಾಸ್ಕಿಲಾ ಎದ್ದಳು. ಆಸ್ಪತ್ರೆ ಲಾಂಡ್ರಿಯ ನೀಲಿ ಅಂಗಿ;
ಅವಳ ಪಾಳಿ ಬೆಳಗಿನ ಐದಕ್ಕೇ ಶುರು.
ಅಧ್ಯಕ್ಷ ಪೆಲ್ಟೊ ಅಡುಗೆಮನೆಯ ಟೈಮರು ತಿರುಗಿಸಿದ,
ಟೊಮೆಟೊ ಆಕಾರದ್ದು. ತಲೆಗೆ ಮೂರು ನಿಮಿಷ.
ಅವಳು ಜೇಬಿನಿಂದ ಚೀಟಿ ತೆಗೆದು ಓದಿದಳು,
ಭಾನುವಾರ ಮಗಳ ಜೊತೆ ನಡೆದು ಎಣಿಸಿ ತಂದದ್ದು:

ಬಾಗಿಲಿನಿಂದ ಅಂಚೆಪೆಟ್ಟಿಗೆಗೆ ನೂರಾ ಹನ್ನೆರಡು. ಮಗಳ ಹೆಜ್ಜೆ, ನನ್ನದಲ್ಲ.
ಅಲ್ಲಿಂದ ಕೊನೆಯ ದೀಪದ ಕಂಬಕ್ಕೆ ಏಳುನೂರ ನಾಲ್ಕು.
ಆಮೇಲೆ ಕಂಬಗಳಿಲ್ಲ.
ಸೇತುವೆಗೆ ಸಾವಿರದ ನಾನೂರ ಮೂವತ್ತು. ಅಲ್ಲಿ ಕೈಗವಸು ಬಿತ್ತು,
ಲೆಕ್ಕ ತಪ್ಪಿತು, ಕಂಬದಿಂದ ಮತ್ತೆ

ಟೊಮೆಟೊ ಕಿರುಚಿತು.
ಅವಳಿನ್ನೂ ಸೇತುವೆಯ ಮೇಲೇ ಇದ್ದಳು.
ಧನ್ಯವಾದ, ಎಂದ ಪೆಲ್ಟೊ. ಕೆಟ್ಟವನಲ್ಲ;
ಹೋದ ಬೇಸಿಗೆ ಅವನ ಹೆಂಡತಿ ಮಲಗಿದ್ದ ಚಾದರ ಒಗೆದವಳು ಇವಳೇ,
ಅದು ಅವನಿಗೂ ಗೊತ್ತು.
ನಾಲ್ಕಕ್ಕೆ ಮೂರು. ಅಂಗೀಕಾರ.
ನಾನು ಬರೆದೆ: ಶ್ರೀಮತಿ ತಾಸ್ಕಿಲಾ ದೂರು ಹೇಳಿದರು.

ಫೆಬ್ರವರಿಯಲ್ಲಿ ಮತ್ತೆ ಬಂದಳು, ಬೂಟಿನ ಹಿಮ ಒದರುತ್ತ,
ಹಿಂದಿನ ನಡಾವಳಿ ದೃಢೀಕರಿಸುವ ಹೊತ್ತಿಗೆ ಸರಿಯಾಗಿ.
ಆ ಹೊತ್ತಿಗೆ ಯಾರೂ ಬರುವುದಿಲ್ಲ. ಸದಸ್ಯರೇ ಕಾಫಿಗೆ ಎದ್ದಿರುತ್ತಾರೆ.
ಬಸ್ಸಿನ ಮಾತು ಎತ್ತಲಿಲ್ಲ.
ನನ್ನ ಪುಟ ಎತ್ತಿಹಿಡಿದು ಒಂದು ಪದದ ಮೇಲೆ ಬೆರಳಿಟ್ಟಳು,
ಉಗುರ ಸುತ್ತ ಬ್ಲೀಚು ತಿಂದ ಚರ್ಮ.
"ದೂರು ಅಲ್ಲ," ಎಂದಳು. "ದೂರ. ನಾನು ದೂರ ಹೇಳಿದೆ."

ನಡುವೆ ಇರುವುದು ಒಂದೇ ಕೊಂಬು.
ಇಷ್ಟು ವರ್ಷ ಎಷ್ಟು ಜನರ ತಲೆಗೆ
ಇಲ್ಲದ ಕೊಂಬು ಮೂಡಿಸಿದ್ದೇನೋ ನಾನು,
ಕೂತಲ್ಲೇ, ಇಷ್ಟು ನೀಟಾದ ಅಕ್ಷರದಲ್ಲಿ.

ಐರೀನ್ ಸ್ಟಿಮಾಕ್ ಸೂಚಿಸಿದಳು. ಪೆಲ್ಟೊ ಅನುಮೋದಿಸಿದ;
ಅಧ್ಯಕ್ಷರು ಹಾಗೆ ಮಾಡುವಂತಿಲ್ಲ, ಯಾರೂ ಅದನ್ನು ಎತ್ತಲಿಲ್ಲ.
ಏಳಕ್ಕೆ ಏಳು ಕೈ.
ನನ್ನ ಕಾಲದಲ್ಲಿ ಒಮ್ಮತ ಅಂತ ಆದದ್ದು ಇದೊಂದೇ.

ಬಸ್ಸು ಹತ್ತುವುದಿಲ್ಲ. ಅದು ಹಾಗೇ ಇದೆ.

ಹೊರಗೆ, ಕಾರು ಬಿಸಿಯಾಗಲೆಂದು ಕಾಯುತ್ತ, ಕೇಳಿದೆ:
ಸೇತುವೆಯಿಂದ ಶಾಲೆಗೆ ಎಷ್ಟಾಯಿತು?
ಚೀಟಿ ಈಗ ಮಗಳ ಹತ್ತಿರ, ಎಂದಳು. ದಿನಾ ಬೇರೆ ಬರುತ್ತದೆ.
ಹಿಮ ದಪ್ಪಗೆ ಬಿದ್ದ ದಿನ
ಹೆಜ್ಜೆ ಗಿಡ್ಡ, ಅಂಕಿ ಉದ್ದ.